ಎರಡು ಲಿಪಿಯ ಓದುಗರಿಗೆ ಟಸ್ಕಿ

ಕರಜಗಿ ಊರಿನವರ ಫೋನಿಗೆ ಎರಡು ಭಾಷೆ ಬೇಕೇ ಬೇಕು. ಅಕ್ಕಲಕೋಟ ತಾಲ್ಲೂಕಿನ ಈ ಗಡಿ ಸೀಮೆಯಲ್ಲಿ ಮನೆಯ ಮಾತು ಕನ್ನಡ, ತಹಸೀಲ ಕಚೇರಿಯ ಕಾಗದ ಮರಾಠಿ. ಬೆಳೆವಿಮೆಯ ಸುದ್ದಿ, ತೊಗರಿಯ ದರ, ಸಂಕ್ರಾಂತಿಗೆ ಸೋಲಾಪುರದಲ್ಲಿ ನಡೆಯುವ ಸಿದ್ಧರಾಮೇಶ್ವರ ಜಾತ್ರೆಯ ಫೋಟೊ ಯಾವ ಲಿಪಿ ಹೊತ್ತು ಬರುತ್ತವೋ ಹೇಳಲಾಗದು. ಸೋಶಿಯಲ್ ಮೀಡಿಯಾ ಓದುವ ಆ್ಯಪ್ ಯಾವುದೇ ಬಂದರೂ ನಾನು ಮೊದಲು ನೋಡುವುದು ಎರಡೇ ಸಂಗತಿ: ಇವೆರಡೂ ಭಾಷೆಗೆ ಒಟ್ಟಿಗೆ ಜಾಗ ಇದೆಯೇ, ಯಾವುದು ಮೊದಲು ಯಾವುದು ಆಮೇಲೆ ಎಂಬುದು ನನ್ನ ಕೈಯಲ್ಲಿದೆಯೇ.

ಬೆಂಗಳೂರಿನ ಶೇರ್‌ಚಾಟ್ ಬಗ್ಗೆ ನನಗೆ ಗೌರವವಿದೆ. ಐಐಟಿ ಕಾನ್ಪುರದಲ್ಲಿ ಓದಿದ ಮೂವರು 2015ರಲ್ಲಿ ಶುರು ಮಾಡಿದ ಅದು ಇಂಗ್ಲಿಷನ್ನು ಬದಿಗಿಟ್ಟು ಭಾರತೀಯ ಭಾಷೆಗಳನ್ನೇ ನೆಚ್ಚಿತು. ಇಂಗ್ಲಿಷ್ ಓದಲು ಬಾರದವರಿಗೂ ಫೋನಿನಲ್ಲಿ ತಮ್ಮದೇ ಭಾಷೆಯ ಓದು ಸಿಕ್ಕಿತು. ಆದರೆ ಅಲ್ಲಿ ಮುಂದಿನ ಪೋಸ್ಟ್ ಯಾವುದೆಂದು ಆರಿಸುವುದು ಆ್ಯಪ್‌ನ ಲೆಕ್ಕಾಚಾರ. 2020ರಲ್ಲಿ ಮೊಟ್ಟಮೊದಲು ಕನ್ನಡದಲ್ಲೇ ಹೊರಬಂದ ಕೂ ಎಂಬ ಜಾಲ, 2024ರ ಜುಲೈನಲ್ಲಿ ಮುಚ್ಚುವುದಾಗಿ ಸಾರಿತು. ಅಲ್ಲಿ ಓದುತ್ತಿದ್ದವರಿಗೆ ಬೇರೆ ದಾರಿಯೇ ಇರಲಿಲ್ಲ, ಏಕೆಂದರೆ ಜಾಲವೂ ಆ್ಯಪೂ ಒಂದೇ ಕಂಪನಿಯವು. ಟ್ವಿಟರ್ ಕೂಡ 2023ರ ಜನವರಿಯಲ್ಲಿ ಹೊರಗಿನವರು ಕಟ್ಟಿದ ಓದುವ ಆ್ಯಪ್‌ಗಳನ್ನು ಕಡಿದುಹಾಕಿತು. ಟ್ವಿಟರಿಫಿಕ್, ಟ್ವೀಟ್‌ಬಾಟ್‌ನಂಥ ಅಚ್ಚುಕಟ್ಟಾದ ಕೆಲಸಗಳು ಹಾಗೆಯೇ ಹೋದವು.

ಈ ವಾರ ನಾನು ಹೊಗಳಲು ಹೊರಟಿರುವ ಟಸ್ಕಿ ಬೇರೆ ಜಾತಿಯದು. ಅದು ಸ್ವತಃ ಜಾಲವಲ್ಲ, ಮಾಸ್ಟಡಾನ್ ಎಂಬ ಜಾಲವನ್ನು ಆಂಡ್ರಾಯ್ಡ್ ಫೋನಿನಲ್ಲಿ ಓದಲು ಇರುವ ಆ್ಯಪ್. ಮಾಸ್ಟಡಾನ್ ಸಾವಿರಾರು ಸರ್ವರ್‌ಗಳಲ್ಲಿ ಹರಡಿದೆ. ಅವು ತಮ್ಮೊಳಗೆ ಮಾತಾಡುವ ನಿಯಮಾವಳಿಯಾದ ಆ್ಯಕ್ಟಿವಿಟಿಪಬ್ 2018ರಲ್ಲೇ ಎಲ್ಲರಿಗೂ ತೆರೆದ ಮಾನದಂಡವಾಗಿದೆ. ಟಸ್ಕಿಯ ಕೋಡ್ ಕೂಡ ಮುಕ್ತ. ನಾಳೆ ಅದು ನಿಂತರೆ ಅದೇ ಖಾತೆಯಿಂದ ಇನ್ನೊಂದು ಆ್ಯಪ್‌ನಲ್ಲಿ ಓದು ಮುಂದುವರಿಯುತ್ತದೆ. ಜಾಹೀರಾತು ಒಂದೂ ಇಲ್ಲ.

ಮುಖಪುಟದಲ್ಲಿ ನಾವು ಹಿಂಬಾಲಿಸಿದವರ ಪೋಸ್ಟ್‌ಗಳು ಬರೆದ ಹೊತ್ತಿನ ಕ್ರಮದಲ್ಲೇ ನಿಲ್ಲುತ್ತವೆ. ಹೊತ್ತಗೆಯಲ್ಲಿ ಪುಟಗುರುತು ಇಟ್ಟ ಹಾಗೆ, ಓದಿ ಬಿಟ್ಟ ಜಾಗಕ್ಕೇ ಮರಳಬಹುದು. ನಡುವೆ ಇಳಿಯದೆ ಉಳಿದ ಪೋಸ್ಟ್‌ಗಳಿದ್ದರೆ ಅಲ್ಲೊಂದು ಗುಂಡಿ ಕಾಣುತ್ತದೆ, ಒತ್ತಿದರೆ ಆ ಖಾಲಿ ತುಂಬುತ್ತದೆ. ಒಮ್ಮೆ ಬಂದ ಪೋಸ್ಟ್‌ಗಳನ್ನು ಫೋನ್ ಉಳಿಸಿಕೊಳ್ಳುವುದರಿಂದ ಎಸ್ಟಿ ಬಸ್ಸಿನಲ್ಲಿ ರೇಂಜ್ ಹೋದರೂ ಅಕ್ಷರಗಳು ಹೋಗುವುದಿಲ್ಲ. ಡೇಟಾ ಉಳಿಸಬೇಕೆಂದರೆ ಚಿತ್ರಗಳು ತಾವಾಗಿಯೇ ಇಳಿಯದಂತೆ ತಡೆಯಲು ಸೆಟ್ಟಿಂಗ್ಸ್‌ನಲ್ಲಿ ಜಾಗವಿದೆ.

ನನ್ನ ಮನಸ್ಸು ಗೆದ್ದದ್ದು ಮಾತ್ರ ಟ್ಯಾಬುಗಳು. ಹ್ಯಾಷ್‌ಟ್ಯಾಗಿಗೆ ಒಂದು ಟ್ಯಾಬ್ ಮಾಡಿ ಅದೇ ಟ್ಯಾಬಿಗೆ ಇನ್ನಷ್ಟು ಹ್ಯಾಷ್‌ಟ್ಯಾಗ್ ಸೇರಿಸಬಹುದು. ಸೋಲಾಪುರ ಎಂದು ಕನ್ನಡದಲ್ಲೊಮ್ಮೆ, ನಾಗರಿಯಲ್ಲೊಮ್ಮೆ ಬರೆದು ಸೇರಿಸಿದರೆ ಎರಡೂ ಲಿಪಿಯವರ ಪೋಸ್ಟ್‌ಗಳು ಒಂದೇ ಸಾಲಿನಲ್ಲಿ ಇಳಿಯುತ್ತವೆ. ಗಡಿಯ ಓದುಗರಿಗೆ ಇದಕ್ಕಿಂತ ಸರಿಯಾದ ಏರ್ಪಾಡನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಾಸ್ಟಡಾನ್ ಖಾತೆಯನ್ನು ಬ್ರೌಸರಿನಲ್ಲಿ ತೆರೆದರೆ, ಸಾರ್ವಜನಿಕ ಪೋಸ್ಟ್‌ಗಳಲ್ಲಿ ಯಾವ್ಯಾವ ಭಾಷೆ ಕಾಣಬೇಕೆಂದು ಆರಿಸುವ ಪಟ್ಟಿಯೂ ಸಿಗುತ್ತದೆ. ಕನ್ನಡ, ಮರಾಠಿ ಎರಡಕ್ಕೂ ಗುರುತು ಹಾಕಬಹುದು.

ಅಕ್ಷರದ ಗಾತ್ರ ಐದು ಮೆಟ್ಟಿಲಲ್ಲಿದೆ. ಕನ್ನಡಕ್ಕೆ ದೊಡ್ಡದನ್ನೇ ಆರಿಸಿರಿ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ನಾಗರಿಯ ಮಾತ್ರೆ ತಲೆಗೆರೆಯ ಮೇಲೆ ಏರುತ್ತದೆ; ಸಣ್ಣ ಗಾತ್ರದಲ್ಲಿ ಎರಡೂ ಒಂದೇ ಪೋಸ್ಟಿನಲ್ಲಿ ಬಂದರೆ ಕಣ್ಣಿಗೆ ತ್ರಾಸು. ಹೊಸಗನ್ನಡಕದ ವಯಸ್ಸಿನ ಕಾಕಾ, ಮಾವಂದಿರಿಗೆ ಫೋನ್ ಸಿದ್ಧಮಾಡಿ ಕೊಡುವ ಹುಡುಗರು ಮೊದಲು ಈ ಕೆಲಸ ಮಾಡಲಿ.

ಕೊರತೆಗಳೂ ಇವೆ. ಯಾವ ಸರ್ವರಿನಲ್ಲಿ ಖಾತೆ ತೆರೆಯಬೇಕು ಎಂಬ ಮೊದಲ ಪ್ರಶ್ನೆಗೇ ಹೊಸಬರು ತಡವರಿಸುತ್ತಾರೆ, ಅಲ್ಲಿ ಟಸ್ಕಿಯ ನೆರವು ಸಾಲದು. ದೊಡ್ಡ ಕೊರತೆ ಜನರದು: ಮಾಸ್ಟಡಾನಿನಲ್ಲಿ ಕನ್ನಡ ಬರೆಯುವವರು ತೀರ ಕಡಿಮೆ, ಸೋಲಾಪುರ ಸೀಮೆಯವರಂತೂ ವಿರಳ. ಫೇಸ್‌ಬುಕ್ ಬಿಟ್ಟು ಬನ್ನಿ ಎಂದು ನಾನು ಯಾರಿಗೂ ಹೇಳಲಾರೆ, ನೆಂಟರೆಲ್ಲ ಅಲ್ಲೇ ಇದ್ದಾರೆ. ಆದರೆ ಅಕ್ಕಲಕೋಟ, ಜತ್ತ ತಾಲ್ಲೂಕುಗಳ ಕನ್ನಡ ಶಾಲೆಗಳ ಗುರುಗಳು, ಊರ ಸುದ್ದಿ ಬರೆಯುವ ಹುಡುಗರು ಅಲ್ಲಿ ಹಾಕಿದ್ದನ್ನೇ ಇಲ್ಲಿಯೂ ಹಾಕಲಿ ಎಂಬ ಆಸೆ ನನ್ನದು. ಹಾಕುವಾಗ ಒಂದನ್ನು ನೋಡಿಕೊಳ್ಳಬೇಕು. ಪ್ರತಿ ಪೋಸ್ಟಿಗೂ ಭಾಷೆಯ ಗುರುತು ಅಂಟುತ್ತದೆ. ಅದು ಇಂಗ್ಲಿಷಿನಲ್ಲೇ ಉಳಿದರೆ, ಕನ್ನಡ ಆರಿಸಿಕೊಂಡವರಿಗೆ ಆ ಪೋಸ್ಟ್ ಸಾರ್ವಜನಿಕ ಸಾಲಿನಲ್ಲಿ ಕಾಣುವುದಿಲ್ಲ. ಬದಲಿಸುವ ಜಾಗ ಟಸ್ಕಿಯಲ್ಲಿ ಪೋಸ್ಟ್ ಬರೆಯುವ ಪರದೆಯಲ್ಲೇ ಇದೆ.