ಬರ, ಲೆಕ್ಕ ಮತ್ತು ಮಾತು: ಬ್ರೆಜಿಲಿನ ಮೂರು ಕೃತಿಗಳನ್ನು ಕುರಿತು

ಬ್ರೆಜಿಲ್ ಎಂದೊಡನೆ ಕನ್ನಡ ಓದುಗರ ಕಣ್ಣಿಗೆ ಕಟ್ಟುವುದು ಅಮೆಜಾನಿನ ಮಳೆಕಾಡು. ಆದರೆ ಆ ದೇಶದ ಕಥನಸಾಹಿತ್ಯವು ತನ್ನ ಅತ್ಯಂತ ಕಠಿಣವಾದ ಕೆಲವು ಪ್ರಶ್ನೆಗಳನ್ನು ಎತ್ತಿಕೊಂಡದ್ದು ಮಳೆ ಕೈಕೊಡುವ ಈಶಾನ್ಯ ಸೀಮೆಯಲ್ಲಿ. 'ಕಾಟಿಂಗಾ' ಎಂಬ ಮುಳ್ಳುಪೊದೆಗಳ ಈ ಒಣನಾಡು ದೇಶದ ವಿಸ್ತೀರ್ಣದಲ್ಲಿ ಸುಮಾರು ಹತ್ತರಲ್ಲೊಂದು ಭಾಗ. 1877-79ರ ಬರದಲ್ಲಿ ಇಲ್ಲಿ ಲಕ್ಷಾಂತರ ಜನ ಸತ್ತರು. ಈ ಸೀಮೆಯ ಸಾಹಿತ್ಯವನ್ನು ಮನುಷ್ಯ ಮತ್ತು ಪ್ರಕೃತಿಯ ಹೋರಾಟವೆಂದು ಓದುವ ರೂಢಿಯೊಂದು ಬೆಳೆದುಬಂದಿದೆ. ಈ ರೂಢಿ ನಮಗೆ ಒಪ್ಪಿಗೆಯಾಗುವುದಿಲ್ಲ. ಪ್ರಕೃತಿಯ ಮೇಲೆ ಹೊರೆ ಹೊರಿಸಿದಾಗ ಭೂಮಿಯ ಒಡೆತನ ಮಾತಿನಿಂದ ಜಾರಿಹೋಗುತ್ತದೆ.

ಈ ರೂಢಿಗೆ ಬುನಾದಿ ಹಾಕಿದ ಕೃತಿಗಳಲ್ಲಿ ಮುಖ್ಯವಾದುದು ಎವುಕ್ಲೀದೆಸ್ ದ ಕುನ್ಯಾ ಅವರ 'ಒಸ್ ಸೆರ್ತೋಯಿಸ್' (1902). ಕನೂದೋಸ್ ಎಂಬ ಊರಿನಲ್ಲಿ ಒಬ್ಬ ಸಂತನ ಸುತ್ತ ನೆಲೆಸಿದ ಬಡವರನ್ನು ಗಣರಾಜ್ಯದ ಸೈನ್ಯ 1897ರಲ್ಲಿ ನಿರ್ನಾಮ ಮಾಡಿತು. ಪತ್ರಿಕೆಯ ವರದಿಗಾರರಾಗಿ ಹೋದ ಲೇಖಕರು ಆ ಕಾರ್ಯಾಚರಣೆಯನ್ನು ಅಪರಾಧವೆಂದೇ ಕಂಡರು. ಅವರ ನೈತಿಕ ಧೈರ್ಯ ದೊಡ್ಡದು. ಆದರೆ ಗ್ರಂಥದ ವಿನ್ಯಾಸವೇ ಬೇರೊಂದನ್ನು ಹೇಳುತ್ತದೆ: ಮೊದಲು ಭೂಮಿ, ಅನಂತರ ಮನುಷ್ಯ, ಕೊನೆಗೆ ಹೋರಾಟ. ಒಣನೆಲವು ಒಂದು ಬಗೆಯ ಮನುಷ್ಯನನ್ನು ರೂಪಿಸಿತು, ಆ ಮನುಷ್ಯ ಆ ಬಗೆಯಲ್ಲಿ ಕಾದಾಡಿದ ಎಂಬ ಕಾರ್ಯಕಾರಣ ಸರಣಿ ಇಲ್ಲಿದೆ. ನೆಲ ಯಾರದು ಎಂಬ ಪ್ರಶ್ನೆಗೆ ಈ ಸರಣಿಯಲ್ಲಿ ಹಿಂದಿನ ಸಾಲೇ ಗತಿ. 1850ರ ಭೂಕಾನೂನು ಸರ್ಕಾರಿ ಭೂಮಿಯನ್ನು ಕೊಂಡವರಿಗಷ್ಟೇ ಸಿಗುವಂತೆ ಮಾಡಿತು. 1888ರಲ್ಲಿ ಗುಲಾಮಗಿರಿ ರದ್ದಾದಾಗ ಬಿಡುಗಡೆ ಪಡೆದವರಿಗೆ ನೆಲ ಸಿಗಲಿಲ್ಲ. ಬರದ ಚರಿತ್ರೆಯನ್ನು ಈ ಎರಡು ಇಸವಿಗಳಿಲ್ಲದೆ ಬರೆಯಲಾಗದು.

ಗ್ರಾಸಿಲಿಯಾನೊ ರಾಮೊಸ್ ಅವರ 'ವಿದಾಸ್ ಸೆಕಾಸ್' (1938) ಈ ಸರಣಿಯನ್ನು ಸದ್ದಿಲ್ಲದೆ ಮುರಿಯುತ್ತದೆ. ರಾಮೊಸ್ ಅಲಾಗೋಸ್ ರಾಜ್ಯದ ಒಂದು ಸಣ್ಣ ಊರಿನ ಮೇಯರ್ ಆಗಿದ್ದಾಗ ರಾಜ್ಯಪಾಲರಿಗೆ ಕಳುಹಿಸಿದ ಖರ್ಚುವೆಚ್ಚದ ವರದಿಗಳ ಗದ್ಯವನ್ನು ಕಂಡೇ ಪ್ರಕಾಶಕರೊಬ್ಬರು ಅವರಲ್ಲಿ ಕಾದಂಬರಿ ಕೇಳಿದರೆಂಬುದು ಪ್ರಸಿದ್ಧ ಸಂಗತಿ. ಲೆಕ್ಕಪತ್ರ ಬರೆದು ಸಾಹಿತ್ಯಕ್ಕೆ ಬಂದ ಲೇಖಕರು ಬಹುಶಃ ವಿರಳ. ಅವರ ಕಾದಂಬರಿಯ ತಿರುಳು 'ಲೆಕ್ಕ' ಎಂಬ ಅಧ್ಯಾಯದಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ. ದನಗಾಹಿ ಫಾಬಿಯಾನೊಗೆ ಕರುಗಳಲ್ಲಿ ನಾಲ್ಕನೆಯ ಒಂದು, ಆಡಿನ ಮರಿಗಳಲ್ಲಿ ಮೂರನೆಯ ಒಂದು ಪಾಲು. ಬೆಳೆಯಿಲ್ಲದ್ದರಿಂದ ಆ ಪಾಲನ್ನು ಅಗ್ಗದ ಬೆಲೆಗೆ ಒಡೆಯನಿಗೇ ಮಾರುತ್ತಾನೆ. ಹೆಂಡತಿ ಸಿನ್ಹಾ ವಿತೋರಿಯಾ ನೆಲದ ಮೇಲೆ ಬೀಜಗಳನ್ನಿಟ್ಟು ಕೂಡಿ ಕಳೆದು ಬಾಕಿ ಎಷ್ಟೆಂದು ಹೇಳಿಕೊಟ್ಟಿದ್ದಾಳೆ. ಒಡೆಯನ ಕಾಗದದಲ್ಲಿ ಬೇರೆ ಮೊತ್ತ. ವ್ಯತ್ಯಾಸ ಬಡ್ಡಿಯದು. ಕಾಗದದಲ್ಲಿ ತಪ್ಪಿದೆಯೆಂದು ಫಾಬಿಯಾನೊ ಹೇಳುತ್ತಾನೆ. ಒಡೆಯ ಸಿಟ್ಟಾದೊಡನೆ ಕ್ಷಮೆ ಕೇಳಿ, ಟೋಪಿ ಕೈಯಲ್ಲಿ ಹಿಡಿದು ಹಿಂದಿರುಗುತ್ತಾನೆ. ಈ ಅಧ್ಯಾಯ ನಡೆಯುವಾಗ ಬರವಿಲ್ಲ. ಮಳೆ ಬಂದ ಕಾಲದಲ್ಲಿಯೂ ಕುಟುಂಬ ಉಳಿತಾಯವಿಲ್ಲದೆ ಇರುವುದರಿಂದಲೇ ಮುಂದಿನ ಬರ ಅವರನ್ನು ಎಬ್ಬಿಸಿ ಓಡಿಸುತ್ತದೆ.

ಮಾತಿನ ಅಭಾವವನ್ನು ರಾಮೊಸ್ ಮತ್ತೆ ಮತ್ತೆ ತರುತ್ತಾರೆ. ಮೊದಲ ಅಧ್ಯಾಯದಲ್ಲಿ ಹಸಿವಿಗೆ ಬಲಿಯಾದ ಗಿಳಿಗೆ ಮಾತು ಬಾರದು. ಮನೆಯಲ್ಲಿ ಮಾತೇ ಕಡಿಮೆಯಾದ್ದರಿಂದ ಅದು ದನ ಅಟ್ಟುವ ಕೂಗನ್ನೂ ನಾಯಿಯ ಬೊಗಳನ್ನೂ ಅನುಕರಿಸುತ್ತಿತ್ತು. ಹಿರಿಯ ಮಗ 'ನರಕ' ಎಂಬ ಪದದ ಅರ್ಥ ಕೇಳಿದರೆ ತಾಯಿಯಿಂದ ಸಿಗುವುದು ತಲೆಯ ಮೇಲೊಂದು ಕುಟ್ಟು. ಆ ಮಕ್ಕಳಿಗೆ ಹೆಸರಿಲ್ಲ, ನಾಯಿಗೆ 'ಬಲೇಯಾ' ಎಂಬ ಹೆಸರುಂಟು. ಇವನ್ನು ಹಿಡಿದು ರಾಮೊಸ್ ಬಡವರನ್ನು ಪಶುಗಳ ಮಟ್ಟಕ್ಕೆ ಇಳಿಸಿದರೆಂದು ಆಕ್ಷೇಪಿಸುವುದು ಸುಲಭ. ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು: ಫಾಬಿಯಾನೊನ ಮನಸ್ಸಿನೊಳಗೆ ನಡೆಯುವ ಮಾತನ್ನೆಲ್ಲ ನಮಗೆ ಒದಗಿಸುವವನು ಅಕ್ಷರಸ್ಥ ನಿರೂಪಕ. ಆದರೂ ಕೃತಿ ಒಂದು ವಿಷಯದಲ್ಲಿ ಎಚ್ಚರ ತಪ್ಪುವುದಿಲ್ಲ. ಹಕ್ಕಿಗಳು ದನಗಳನ್ನು ಕೊಲ್ಲುತ್ತವೆಂದು ಸಿನ್ಹಾ ವಿತೋರಿಯಾ ಹೇಳಿದಾಗ ಗಂಡನಿಗೆ ಮೊದಲು ಅರ್ಥವಾಗುವುದಿಲ್ಲ. ಹಕ್ಕಿಗಳು ನೀರು ಕುಡಿದು ಮುಗಿಸುತ್ತವೆ, ದನ ಬಾಯಾರಿ ಸಾಯುತ್ತವೆ ಎಂದು ತಡವಾಗಿ ಹೊಳೆದಾಗ ಅವನು ಹೆಂಡತಿಯ ಬುದ್ಧಿಗೆ ಬೆರಗಾಗುತ್ತಾನೆ. ಆಲೋಚನೆ ಇಲ್ಲದ ಜನರಲ್ಲ ಇವರು. ಆಲೋಚನೆ ಕಾಗದಕ್ಕೆ ಏರದ ಜನ.

ಕನ್ನಡದಲ್ಲಿ ಅನಂತಮೂರ್ತಿಯವರ 'ಬರ' ಕತೆಯೂ ಕ್ಷಾಮದ ಹಿಂದಿನ ರಾಜಕಾರಣವನ್ನು ಬಯಲಿಗೆಳೆಯುತ್ತದೆ. ಅಲ್ಲಿ ನಾವು ಬರವನ್ನು ಕಾಣುವುದು ಜಿಲ್ಲಾಧಿಕಾರಿಯ ಪ್ರಜ್ಞೆಯ ಮೂಲಕ; ಅವನಿಗೆ ಭಾಷೆಯ ಕೊರತೆಯಿಲ್ಲ, ಇರುವುದು ಅಪರಾಧಭಾವ. ಎರಡನ್ನೂ ಎದುರುಬದುರು ಇಟ್ಟು ಓದುವ ಕೆಲಸವನ್ನು ನಮ್ಮ ತೌಲನಿಕ ಅಧ್ಯಯನ ಕೈಗೆತ್ತಿಕೊಳ್ಳಬಹುದು.

ರಾಮೊಸ್ ಅವರ ಕುಟುಂಬ ಕೊನೆಯಲ್ಲಿ ದಕ್ಷಿಣದ ನಗರದ ಕಡೆಗೆ ನಡೆಯುತ್ತದೆ. ಅಂತಹವರು ನಗರದಲ್ಲಿ ಎಲ್ಲಿಗೆ ತಲುಪಿದರೆಂಬುದಕ್ಕೆ ಉತ್ತರ ಕಾರೊಲಿನಾ ಮರಿಯಾ ದೆ ಜೆಜುಸ್ ಅವರ ದಿನಚರಿ, 1960ರಲ್ಲಿ ಪ್ರಕಟವಾದ 'ಕ್ವಾರ್ತೊ ದೆ ದೆಸ್ಪೆಜೊ', ಅಂದರೆ ಬೇಡದ ಸಾಮಾನಿನ ಕೋಣೆ. ಕಾರೊಲಿನಾ ಈಶಾನ್ಯದವರಲ್ಲ, ಮಿನಾಸ್ ಜೆರಾಯಿಸ್ ರಾಜ್ಯದ ಕಪ್ಪು ಮಹಿಳೆ. ಸಾವೊ ಪೌಲೊ ನಗರದ ಕನಿಂದೆ ಕೊಳೆಗೇರಿಯಲ್ಲಿ ಕಾಗದ ಆಯ್ದು ಮೂವರು ಮಕ್ಕಳನ್ನು ಸಾಕಿದವರು. ಶಾಲೆಯ ಓದು ಎರಡು ವರ್ಷದ್ದು. ಕಸದಲ್ಲಿ ದೊರೆತ ಪುಸ್ತಕಗಳಲ್ಲಿಯೇ ಬರೆದರು. ಇಲ್ಲಿಯೂ ಪುಟಪುಟಕ್ಕೆ ಲೆಕ್ಕವಿದೆ: ಆಯ್ದ ಕಾಗದಕ್ಕೆ ಸಿಕ್ಕ ಹಣ, ಬ್ರೆಡ್ಡಿನ ಬೆಲೆ, ನೀರಿನ ಸಾಲು. ವ್ಯತ್ಯಾಸವೆಂದರೆ, ಈ ಲೆಕ್ಕ ಬರೆಯುವ ಕೈ ಒಡೆಯನದಲ್ಲ. ಪುಸ್ತಕ ವಿಪರೀತ ಮಾರಾಟವಾಯಿತು. ಆದರೆ ಸಂಪಾದಕರಾದ ಪತ್ರಕರ್ತರು ಕಾಗುಣಿತದ ತಪ್ಪುಗಳನ್ನು ಉಳಿಸಿ, ದಿನಚರಿಯ ಭಾಗಗಳನ್ನು ಕತ್ತರಿಸಿದರು. ವಿಮರ್ಶಕರಲ್ಲಿ ಅನೇಕರು ಇದನ್ನು 'ದಾಖಲೆ' ಎಂದರು, ಸಾಹಿತ್ಯವೆನ್ನಲು ಹಿಂಜರಿದರು. ಮುಂದೆ ಅವರು ಬರೆದ ಕೃತಿಗಳು ಅಂತಹ ಗಮನ ಪಡೆಯಲಿಲ್ಲ. ಫಾಬಿಯಾನೊನ ಮೌನವನ್ನು ಕಲೆಯೆಂದು ಕೊಂಡಾಡಿ ಕಾರೊಲಿನಾ ಅವರ ಮಾತನ್ನು ದಾಖಲೆಯೆಂದು ಬದಿಗಿರಿಸುವ ವಿಮರ್ಶೆ ತಾನೇ ಒಂದು ಬಗೆಯ ಒಡೆಯನ ಲೆಕ್ಕವನ್ನು ನಡೆಸುತ್ತಿದೆ.

ಇತಮಾರ್ ವಿಯೆರಾ ಜೂನಿಯರ್ ಅವರ 'ತೋರ್ತೊ ಅರಾದೊ' ಕಾದಂಬರಿಗೆ 2018ರಲ್ಲಿ ಪೋರ್ಚುಗಲಿನ ಲೆಯಾ ಪ್ರಶಸ್ತಿ ದೊರೆಯಿತು. ಅದರ ಇಂಗ್ಲಿಷ್ ಅನುವಾದ 2024ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. ಬಾಹಿಯಾ ರಾಜ್ಯದ ಒಂದು ಎಸ್ಟೇಟಿನಲ್ಲಿ ಗುಲಾಮರ ವಂಶಸ್ಥರು ಕೂಲಿಯಿಲ್ಲದೆ ದುಡಿಯುತ್ತಾರೆ. ಅವರು ಮಣ್ಣಿನ ಮನೆ ಕಟ್ಟಬಹುದು, ಇಟ್ಟಿಗೆಯದು ಕೂಡದು. ಇಟ್ಟಿಗೆ ನೆಲೆಗೆ ಸಾಕ್ಷಿಯಾಗುತ್ತದೆ. ಹಿತ್ತಿಲಿನ ಗೆಣಸಿನಲ್ಲಿಯೂ ಕಾರಭಾರಿಗೆ ಪಾಲು ಹೋಗುತ್ತದೆ. ಅಜ್ಜಿಯ ಮಂಚದ ಕೆಳಗಿನ ಚೂರಿಯೊಡನೆ ಆಡಿದ ಅಕ್ಕತಂಗಿಯರಲ್ಲಿ ಒಬ್ಬಳು ನಾಲಗೆ ಕಳೆದುಕೊಳ್ಳುತ್ತಾಳೆ, ಇನ್ನೊಬ್ಬಳು ಅವಳ ಮಾತಾಗುತ್ತಾಳೆ. ಮೂರನೆಯ ಭಾಗದಲ್ಲಿ ನಿರೂಪಣೆಯನ್ನು ಒಂದು ದೈವ ವಹಿಸಿಕೊಳ್ಳುತ್ತದೆ. ಇಲ್ಲಿ ನಮಗೊಂದು ತಕರಾರುಂಟು: ನ್ಯಾಯವನ್ನು ದೈವದ ಕೈಗೆ ಒಪ್ಪಿಸಿದಾಗ, ಇಟ್ಟಿಗೆ ಮತ್ತು ಗೆಣಸಿನ ನಿಷ್ಠುರ ವಿವರಗಳು ಕಟ್ಟಿದ ವಾದ ಸಡಿಲವಾಗುತ್ತದೆ. ಮೊದಲೆರಡು ಭಾಗಗಳಿಗೆ ಈ ಮಾತು ಅನ್ವಯಿಸದು.

ನಾಲಗೆ ಕಳೆದುಕೊಂಡ ಬೆಲೊನೀಸಿಯಾ ಒಂಟಿಯಾಗಿದ್ದಾಗ ಉಚ್ಚರಿಸಲು ಯತ್ನಿಸುವ ಪದ 'ಅರಾದೊ', ನೇಗಿಲು. ಹೊರಬರುವ ದನಿ ಸೊಟ್ಟ. ಕಾದಂಬರಿಯ ಶೀರ್ಷಿಕೆಯಾದ ಸೊಟ್ಟ ನೇಗಿಲು ಇದೇ. ಇಂಗ್ಲಿಷಿನ ಮೂಲಕ ಓದುವ ನಮಗೆ ಆ ದನಿ ದಕ್ಕುವುದಿಲ್ಲ. ಮುಂದೆ ಕನ್ನಡಕ್ಕೆ ತರುವವರು ಈ ಎಡೆಯಲ್ಲಿ ತಡೆದು ನಿಲ್ಲಲೇಬೇಕಾಗುತ್ತದೆ: 'ನೇಗಿಲು' ಎಂಬ ಪದದ ಮೂರು ಅಕ್ಷರಗಳಲ್ಲಿ ಒಂದೂ ನಾಲಗೆಯ ನೆರವಿಲ್ಲದೆ ಹೊರಡುವುದಿಲ್ಲ.