ವಿದ್ಯೆಯ ಲೆಕ್ಕವೂ ಉಡುಪಿಯ ಶೇಕಡಾ 94ವೂ

ಹತ್ತನೆಯ ತರಗತಿಯ ಫಲಿತಾಂಶದ ಪಟ್ಟಿಯು ನಾಡಿನಲ್ಲಿ ವರ್ಷವರ್ಷವೂ ಆಸಕ್ತಿಯಿಂದ ಓದಲ್ಪಡುವ ಬರಹಗಳಲ್ಲೊಂದು. 2024ರ ಮೊದಲನೆಯ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆಯು ಶೇಕಡಾ 94ನ್ನು ಪಡೆದು ರಾಜ್ಯಕ್ಕೆ ಮೊದಲಿನದೆನಿಸಿತು. ಯಾದಗಿರಿಗೆ ದೊರೆತುದು ಶೇಕಡಾ 50.59, ರಾಜ್ಯದ ಒಟ್ಟು ಫಲ ಶೇಕಡಾ 73.40. ಈ ಅಂಕಿಗಳನ್ನು ಕೊಂಡಾಡುವವರು ಹಲವರು; ಇವು ಯಾವುದರ ಅಳತೆ ಎಂದು ವಿಚಾರಿಸುವವರು ವಿರಳ.

ಶೇಕಡಾವಾರಿನ ಅರ್ಥವೆಲ್ಲವೂ ಅದರ ಛೇದದಲ್ಲಿ ಅಡಗಿದೆ. ಫಲಿತಾಂಶದ ಛೇದವು ಪರೀಕ್ಷೆಗೆ ಕುಳಿತವರ ಸಂಖ್ಯೆಯೇ ಹೊರತು ಶಾಲೆಗೆ ಸೇರಿದವರ ಸಂಖ್ಯೆಯಲ್ಲ. ಎಂಟನೆಯ ತರಗತಿಗೆ 100 ಮಂದಿ ಸೇರಿ, ಪರೀಕ್ಷೆಗೆ 80 ಮಂದಿ ಕುಳಿತು, ಅವರಲ್ಲಿ ಶೇಕಡಾ 94 ತೇರ್ಗಡೆಯಾದರೆಂದು ಭಾವಿಸಿದರೆ, ಗುರಿಮುಟ್ಟಿದವರು ಸುಮಾರು 75 ಮಂದಿ ಮಾತ್ರ. ಉಳಿದ 20 ಮಂದಿ ಸೋತವರಲ್ಲಿಯೂ ಸೇರರು, ಗೆದ್ದವರಲ್ಲಿಯೂ ಸೇರರು. ಅಲ್ಲದೆ ಆ ವರ್ಷ ಕೃಪಾಂಕದ ಮಿತಿಯನ್ನು ಶೇಕಡಾ 10ರಿಂದ 20ಕ್ಕೆ ಏರಿಸಲಾಗಿತ್ತು. ಅಳತೆಗೋಲೇ ಬದಲಾದಲ್ಲಿ ಹಿಂದಿನ ವರ್ಷದೊಡನೆ ಹೋಲಿಕೆ ನಿಲ್ಲದು.

ಶಾಲೆ ಬಿಟ್ಟವರ ಗಣನೆಯು ಇನ್ನೂ ತೊಡಕಿನದು. ಒಂದು ವರ್ಷ ದಾಖಲಾಗಿದ್ದು ಮರುವರ್ಷ ಯಾವ ತರಗತಿಯಲ್ಲಿಯೂ ಕಾಣಿಸದವರನ್ನು ಬಿಟ್ಟವರೆಂದು ಎಣಿಸುವುದು ದೇಶದ ಅಂಕಿ ಅಂಶಗಳ ಪದ್ಧತಿ. ಕರ್ನಾಟಕದ ನಿಯಮದಲ್ಲಿಯಾದರೋ ಕಾರಣವಿಲ್ಲದೆ 7 ದಿನ ಬಾರದ ಮಗುವೂ ಶಾಲೆ ಬಿಟ್ಟದ್ದೆ. ಮೊದಲನೆಯದು ವರ್ಷಾಂತ್ಯದ ಲೆಕ್ಕ, ಎರಡನೆಯದು ಎಚ್ಚರಿಕೆಯ ಗಂಟೆ. ಎರಡಕ್ಕೂ ಒಂದೇ ಹೆಸರಿಡುವುದು ಭ್ರಾಂತಿಗೆ ಎಡೆ. ಮಣಿಪಾಲದ ಕಟ್ಟಡಗಳಲ್ಲಿ ದುಡಿಯಲು ಉತ್ತರ ಕರ್ನಾಟಕದಿಂದ ಬಂದ ಕೂಲಿಕಾರನ ಮಗುವು ಹಬ್ಬಕ್ಕೆ ಊರಿಗೆ ಹೋಗಿ ತಿಂಗಳು ನಿಂತರೆ, ಅದು ಬಿಟ್ಟದ್ದೋ, ವಲಸೆ ಹೋದದ್ದೋ, ಮರಳಿ ಬರುವುದೋ? ಒಂದು ಅಂಕಣವು ಇದಕ್ಕೆ ಉತ್ತರ ಕೊಡಲಾರದು. ಪ್ರದೇಶದ ಎಲ್ಲೆಯೂ ಸ್ಥಿರವಲ್ಲ: ಉಡುಪಿ ಜಿಲ್ಲೆಯಾದುದು 1997ರಲ್ಲಿ, ಕಾಪು ಬೇರೆ ತಾಲೂಕಾದುದು 2018ರಲ್ಲಿ, ಅದೇ ಕಾಲದಲ್ಲಿ ಹೆಬ್ರಿಯು ಕಾರ್ಕಳದಿಂದ ಬೇರೆಯಾಯಿತು. ಹಳೆಯ ಕಾರ್ಕಳದ ಅಂಕಿಯನ್ನು ಇಂದಿನ ಕಾರ್ಕಳದ್ದಕ್ಕೆ ಹೊಂದಿಸುವವರು ಇದನ್ನು ಮರೆಯಲಾಗದು.

ಸಾಹಿತ್ಯವು ಈ ಕೊರತೆಯನ್ನು ಬಹು ಹಿಂದೆಯೇ ಕಂಡಿತ್ತು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಲಚ್ಚನು ಇಂಗ್ಲಿಷ್ ವಿದ್ಯೆಯ ದಾರಿ ಹಿಡಿದು ಮನೆಯನ್ನೇ ಕಳೆಯುತ್ತಾನೆ, ಅವನ ಮಗ ರಾಮನು ಮದರಾಸಿನಲ್ಲಿ ಓದಿಯೂ ಕೊನೆಗೆ ಮಣ್ಣಿಗೆ ಮರಳುತ್ತಾನೆ. ಹಾಜರಿ ಪುಸ್ತಕವು ಲಚ್ಚನ ಪತನವನ್ನು ಅರಿಯದು. ಕೋಟದಲ್ಲಿ ಹುಟ್ಟಿದ ಕಾರಂತರೇ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು; ಅಂಕಣದಲ್ಲಿ ಅವರದೂ ಒಂದು ನಷ್ಟವೇ. ಇದರಿಂದ ಓದು ಬಿಡುವುದು ಲೇಸೆಂದು ಹೇಳಿದಂತಾಗದು. ಕಾರಂತರದು ಆಯ್ಕೆ, ಕೂಲಿಕಾರನ ಮಗುವಿನದು ನಿರ್ಬಂಧ. ಈ ಭೇದವನ್ನು ಕಾಣದ ಗಣನೆಯು ಕಾರಣವನ್ನು ತಿಳಿಸದು, ಕಾರಣವನ್ನು ತಿಳಿಯದ ಪರಿಹಾರವು ಫಲಿಸದು.

2022–23ರಿಂದ ದೇಶದ ಶಾಲಾ ಗಣತಿಯು ಒಟ್ಟು ಸಂಖ್ಯೆಯನ್ನು ಬಿಟ್ಟು ಒಬ್ಬೊಬ್ಬ ವಿದ್ಯಾರ್ಥಿಯ ದಾಖಲೆಯನ್ನು ಹಿಡಿಯುತ್ತಿದೆ. ಆದಕಾರಣ ಒಂದನೆಯ ತರಗತಿಗೆ ಸೇರಿದ ತಂಡದಲ್ಲಿ ಎಷ್ಟು ಮಂದಿ ಹತ್ತನ್ನು ದಾಟಿದರು, ಬೇರೆ ಊರ ಶಾಲೆ ಸೇರಿದವರೆಷ್ಟು, ಕಾಣದಾದವರೆಷ್ಟು ಎಂಬುದನ್ನು ಫಲಿತಾಂಶದ ಪಕ್ಕದಲ್ಲಿಯೇ ಅಚ್ಚು ಮಾಡುವುದು ಮುಂದೆ ಅಸಾಧ್ಯವಲ್ಲ. ಹಾಗೆ ಮಾಡಿದಂದು ಉಡುಪಿಯ 94 ಇಳಿಯಲೂಬಹುದು. ಇಳಿದರೂ ಅದು ನಂಬಿಕೆಗೆ ಹೆಚ್ಚು ಅರ್ಹವಾದ ಕೀರ್ತಿ.