ನಿಲ್ಲಿಸಿದ ಜಾಬಿಗೂ ಒಂದು ಚೀಟಿ

‘ಇನ್ನೊಮ್ಮೆ ಓಡಿಸಿ, ಹಸಿರಾಗುತ್ತೆ’ ಎನ್ನುವ ಪಂಥದ ಜೊತೆ ನನ್ನ ಜಗಳ ಹಳೆಯದು, ಓದುಗರಿಗೆ ಗೊತ್ತೇ ಇದೆ. ಒಮ್ಮೆ ಬಿದ್ದು ಒಮ್ಮೆ ಪಾಸಾಗುವ ಟೆಸ್ಟನ್ನು ಮತ್ತೆ ಮತ್ತೆ ಓಡಿಸಿ ಹಸಿರು ಮಾಡಿದರೆ ದೋಷ ಅಲ್ಲೇ ಉಳಿಯುತ್ತದೆ, ಅದರ ಗುರುತು ಮಾತ್ರ ಅಳಿಯುತ್ತದೆ. ಅದಕ್ಕಿಂತ ಎಲ್ಲರೆದುರು ಹೇಳಿ ನಿಲ್ಲಿಸುವುದು ಮೇಲು.

ಈ ವಾರ ಮಷಿನ್ ಲರ್ನಿಂಗ್ ಲೈಬ್ರರಿ ಪೈಟಾರ್ಚ್‌ನವರ ಪದ್ಧತಿಯ ಬಗ್ಗೆ ಬರೆಯಲು ಕೂತೆ. ಅಲ್ಲಿ ಟೆಸ್ಟ್ ನಿಲ್ಲಿಸಲು ಕೋಡ್ ಮುಟ್ಟಬೇಕಿಲ್ಲ. ‘ಡಿಸೇಬಲ್ಡ್’ ಎಂದು ಶುರುವಾಗಿ ಟೆಸ್ಟಿನ ಹೆಸರಿರುವ ಇಶ್ಯೂ ತೆರೆದರೆ ಅದು ನಿಲ್ಲುತ್ತದೆ, ಇಶ್ಯೂ ಮುಚ್ಚಿದರೆ ಮತ್ತೆ ಓಡುತ್ತದೆ. ಜಾಬ್‌ಗಳಿಗೂ ಹಾಗೆಯೇ. ‘ಅನ್‌ಸ್ಟೇಬಲ್’ ಎಂದು ಗುರುತಿಸಿದ ಜಾಬ್ ಓಡುತ್ತಲೇ ಇರುತ್ತದೆ, ಆದರೆ ಬಿದ್ದರೂ ಮರ್ಜ್ ತಡೆಯುವುದಿಲ್ಲ. ನನ್ನ ಮತ ಇದಕ್ಕೇ, ಲಾಗ್ ಬರುತ್ತಲೇ ಇರುತ್ತದಲ್ಲ. ಇಡೀ ಸಿಐ (ಸ್ವಯಂಚಾಲಿತ ಬಿಲ್ಡ್-ಟೆಸ್ಟ್ ವ್ಯವಸ್ಥೆ) ಕೈಕೊಟ್ಟಾಗ ‘ಸಿಐ: ಸೆವ್’ ಲೇಬಲ್ ಹಚ್ಚಿದ ಇಶ್ಯೂ ತೆರೆಯುತ್ತಾರೆ. ನಮ್ಮ ಗೋವಾದ ಸಾವರ್ಡೆ ದಾಟಿ ಕುಳೆಂನಿಂದ ಘಾಟಿ ಹತ್ತುವ ರೈಲುಗಾಡಿಯ ಲೋಕೋ ಪೈಲಟ್ ಕೈಗೆ ಕಾಷನ್ ಆರ್ಡರ್ ಕೊಡುತ್ತಾರೆ: ಯಾವ ಕಿಲೋಮೀಟರಿನಲ್ಲಿ, ಎಷ್ಟು ವೇಗ, ಯಾಕೆ. ಈ ಇಶ್ಯೂಗಳೂ ಅಂಥದೇ ಚೀಟಿ.

ಆದರೆ ಚೀಟಿ ಬರೆದರಷ್ಟೇ ಸಾಲದು, ಅದರಲ್ಲಿ ಬರೆದ ಕಾರಣವನ್ನು ಯಾರಾದರೂ ಪರಿಶೀಲಿಸಬೇಕು. ಎಕ್ಸ್‌ಜೆಡ್ ಎಂಬ ಕಂಪ್ರೆಷನ್ ಲೈಬ್ರರಿಯ ಪ್ರಕರಣ ನೆನಪಾಯಿತು. 2023ರ ಜುಲೈಯಲ್ಲಿ ಆ ಲೈಬ್ರರಿಯ ನಿರ್ವಾಹಕರಲ್ಲಿ ಒಬ್ಬನಾಗಿದ್ದ, ಜಿಯಾ ಟ್ಯಾನ್ ಎಂಬ ಹೆಸರಿನಾತ, ಗೂಗಲ್‌ನ ಓಎಸ್‌ಎಸ್-ಫಝ್‌ಗೆ ಪುಟ್ಟದೊಂದು ತಿದ್ದುಪಡಿ ಕಳಿಸಿದ: ಫಝಿಂಗ್ ಬಿಲ್ಡ್‌ನಲ್ಲಿ ‘ಐಫಂಕ್’ (ಓಡುವಾಗ ಯಾವ ಫಂಕ್ಷನ್ ಎಂದು ಆರಿಸುವ ವಿಧಾನ) ನಿಲ್ಲಿಸಿ, ಅದು ಸ್ಯಾನಿಟೈಸರ್ ಜೊತೆ ಹೊಂದುವುದಿಲ್ಲ. ಕಾರಣ ಸರಿಯಾಗಿಯೇ ಕಂಡಿತು, ಒಪ್ಪಿಗೆಯೂ ಸಿಕ್ಕಿತು. 2024ರ ಫೆಬ್ರವರಿಯ 5.6.0 ಆವೃತ್ತಿಯಲ್ಲಿ ಹಿಂಬಾಗಿಲು ನುಸುಳಿದ್ದು ಅದೇ ಐಫಂಕ್ ದಾರಿಯಿಂದ. ಅದರ ದುಷ್ಟ ಕೋಡ್ ಅಡಗಿದ್ದದ್ದೂ ಟೆಸ್ಟ್ ಫೈಲುಗಳೊಳಗೆ!

ಮಾರ್ಚ್ 29ರಂದು ಇದನ್ನು ಬಯಲು ಮಾಡಿದ ಆಂಡ್ರೆಸ್ ಫ್ರಾಯಿಂಡ್ ಅವರ ಪತ್ರವನ್ನು ಸಿಐ ನೋಡಿಕೊಳ್ಳುವ ಪ್ರತಿಯೊಬ್ಬರೂ ಓದಬೇಕು. ಎಸ್‌ಎಸ್‌ಎಚ್ ಲಾಗಿನ್‌ಗೆ 0.299 ಸೆಕೆಂಡ್ ಸಾಕಾಗಿದ್ದಲ್ಲಿ 0.807 ಹಿಡಿಯುತ್ತಿತ್ತು ಎಂಬುದನ್ನೇ ಎಲ್ಲರೂ ಕೊಂಡಾಡುತ್ತಾರೆ. ನನಗೆ ಮುಖ್ಯವೆನಿಸುವುದು ಬೇರೆ ಸಂಗತಿ. ಕೆಲವು ವಾರಗಳ ಹಿಂದೆ, ಪ್ಯಾಕೇಜ್‌ಗಳನ್ನು ಅಪ್‌ಡೇಟ್ ಮಾಡಿದ ಮೇಲೆ, ತಾವು ನಡೆಸುವ ಪೋಸ್ಟ್‌ಗ್ರೆಸ್‌ನ ಸ್ವಯಂಚಾಲಿತ ಪರೀಕ್ಷೆಯಲ್ಲಿ ವ್ಯಾಲ್‌ಗ್ರಿಂಡ್ ಎಂಬ ಮೆಮೊರಿ ತಪಾಸಕ ವಿಚಿತ್ರ ತಕರಾರು ತೆಗೆದದ್ದು ಅವರಿಗೆ ನೆನಪಿತ್ತು. ಅಂಥ ತಕರಾರು ಬಾರದಂತೆ ಮಾಡುವ ಯತ್ನ 5.6.1ರಲ್ಲಿ ನಡೆದಿತ್ತು. ಆ ಪರೀಕ್ಷೆಯನ್ನು ‘ಬರೀ ಕಿರಿಕಿರಿ’ ಎಂದು ಯಾರಾದರೂ ಸದ್ದಿಲ್ಲದೆ ನಿಲ್ಲಿಸಿದ್ದರೆ, ಆ ಸುಳಿವು ಅವರಿಗೆ ಸಿಗುತ್ತಲೇ ಇರಲಿಲ್ಲ.